ಪ್ಯಾರಿಸ್ 2024 ಕನೂ ಸ್ಲಾಲಂ ರೀಪ್ಲೇ: ಹೈಲೈಟ್ಸ್ ಬೇಡ, ಪೂರ್ತಿ ಫೈನಲ್ ನೋಡಿ

ರೇಟಿಂಗ್: ಪೂರ್ತಿ ಫೈನಲ್‌ಗಳಿಗೆ 4.5, ಹೈಲೈಟ್ಸ್ ಪ್ಯಾಕೇಜಿಗೆ 1.5

ನಾನು ನೋಡಿದ ಆ್ಯಪ್ ಹೆಸರು ಹೇಳೋಲ್ಲ, ಬೈಯ್ಯೋದಿದೆ ಅದಕ್ಕೆ. ಅದ್ರಲ್ಲಿ ಒಂದು ಇವೆಂಟ್‌ಗೆ ಎರಡು ವಿಡಿಯೋ ಇರತ್ತೆ, ಒಂದು ಪೂರ್ತಿ ಫೈನಲ್, ಇನ್ನೊಂದು ಮೂರ್ನಾಲ್ಕು ನಿಮಿಷದ ಹೈಲೈಟ್ಸ್. ಹೈಲೈಟ್ಸ್‌ನಲ್ಲಿ ಮೆಡಲ್ ಗೆದ್ದ ಮೂರು ಜನ ಮಾತ್ರ ಇರ್ತಾರೆ, ಅದೂ ಗೆದ್ದವರದ್ದೇ ಮೊದಲು, ಸಾಲದ್ದಕ್ಕೆ ಥಂಬ್‌ನೇಲಲ್ಲೇ ಗೋಲ್ಡ್ ಹಿಡ್ಕೊಂಡು ನಿಂತಿರೋ ಫೋಟೋ. ನುಗ್ಗೋ ನೀರಲ್ಲಿ ದೋಣಿ ಇಳಿಸೋ ಈ ಆಟದ ಸ್ವಾರಸ್ಯ ಇರೋದೇ ಕಾಯೋದ್ರಲ್ಲಿ ಸ್ವಾಮಿ! ಸೆಮಿಫೈನಲ್‌ನಲ್ಲಿ ಹಿಂದಿದ್ದವರು ಮೊದಲು ಇಳೀತಾರೆ, ಫಾಸ್ಟ್ ಆಗಿದ್ದವರು ಕೊನೆಗೆ, ಪ್ರತಿಯೊಬ್ಬರಿಗೂ ಒಂದೇ ಒಂದು ರನ್, ಮುಂಚೆ ಇಳಿದು ಒಳ್ಳೆ ಟೈಮ್ ಹಾಕಿದವರು ಕೆಳಗೆ ಕೂತ್ಕೊಂಡು ಉಳಿದವರು ಒಬ್ಬೊಬ್ಬರೇ ಬರೋದನ್ನ ನೋಡ್ತಾ ಇರ್ಬೇಕು. ಅದನ್ನ ಕತ್ತರಿಸಿ ಬಿಸಾಕಿದ್ರೆ ಉಳಿಯೋದೇನು, ನೀರಲ್ಲಿ ದೋಣಿ ಹೋಗೋದು ಅಷ್ಟೆ.

ಹೊಸಬರಿಗೆ ರೂಲ್ಸ್ ತುಂಬಾ ಏನಿಲ್ಲ. ಪ್ಯಾರಿಸ್ ಹತ್ರ ವೈರ್-ಸುರ್-ಮಾರ್ನ್‌ನಲ್ಲಿ ಪಂಪ್ ಹಾಕಿ ನೀರು ನುಗ್ಗಿಸೋ ಕೃತಕ ಕಾಲುವೆ, ಮೇಲಿಂದ ಜೋಡಿ ಕಂಬಗಳು ತೂಗಾಡ್ತಿರತ್ವೆ, ಆ ಜೋಡಿಗೇ ಗೇಟ್ ಅನ್ನೋದು. ಹಸಿರು ಗೇಟ್ ಹರಿವಿನ ಜೊತೆ ದಾಟ್ಬೇಕು, ಕೆಂಪು ಗೇಟ್ ಹರಿವಿಗೆ ಎದುರಾಗಿ ಮೇಲಕ್ಕೆ ಹತ್ಬೇಕು. ಕಂಬ ತಾಗಿದ್ರೆ 2 ಸೆಕೆಂಡ್ ಸೇರಿಸ್ತಾರೆ, ಗೇಟೇ ಬಿಟ್ರೆ 50, ಅಂದ್ರೆ ಮನೆಗೆ. ಕಯಾಕ್‌ನಲ್ಲಿ ಕೂತ್ಕೊಂಡು ಎರಡೂ ಕಡೆ ಅಲಗಿರೋ ಹುಟ್ಟು, ಕನೂನಲ್ಲಿ ಮಂಡಿಯೂರಿ ಒಂದೇ ಅಲಗಿನ ಹುಟ್ಟು. ಇಷ್ಟು ಗೊತ್ತಿದ್ರೆ ಸಾಕು, ಉಳಿದಿದ್ದು ನೋಡ್ತಾ ನೋಡ್ತಾ ಬರತ್ತೆ.

ಶುರು ಮಾಡೋರು ಗಂಡಸರ ಕಯಾಕ್ ಫೈನಲ್‌ನಿಂದ ಶುರು ಮಾಡಿ, ಬೇರೆ ಮಾತೇ ಇಲ್ಲ. ಇಟಲಿಯ ಜೊವಾನ್ನಿ ಡಿ ಜೆನ್ನಾರೊ 88.22, ಫ್ರಾನ್ಸಿನ ತಿತುವಾಂ ಕಾಸ್ಟ್ರಿಕ್ 88.42, ಸ್ಪೇನಿನ ಪಾವ್ ಎಚಾನಿಸ್ 88.87. ಗೋಲ್ಡಿಗೂ ಬ್ರಾಂಜಿಗೂ ಮಧ್ಯೆ 0.65 ಸೆಕೆಂಡ್, ಒಂದು ಕಂಬ ತಾಗಿದ್ರೆ 2, ಈಗ ನೀವೇ ಲೆಕ್ಕ ಹಾಕಿ. ಸ್ಕ್ರೀನ್ ಮೂಲೇಲಿ ಲೀಡರ್‌ಗಿಂತ ಎಷ್ಟು ಮುಂದೆ ಎಷ್ಟು ಹಿಂದೆ ಅಂತ ತೋರಿಸೋ ನಂಬರ್ ಇದ್ಯಲ್ಲ, ಅದ್ರ ಮೇಲೆ ಕಣ್ಣಿಡಿ, ಮಧ್ಯದಲ್ಲಿ ಮುಂದಿದ್ದವರು ಕೆಳಗಿನ ಒಂದು ಕೆಂಪು ಗೇಟಲ್ಲಿ ಸುಳಿಗೆ ಸ್ವಲ್ಪ ತಡವಾಗಿ ತಿರುಗಿದ್ರೂ ಎಲ್ಲಾ ಹೋಯ್ತು.

ಕನೂ ಗಂಡಸರ ಫೈನಲ್ ಇದಕ್ಕೆ ಪೂರ್ತಿ ಉಲ್ಟಾ. ಫ್ರಾನ್ಸಿನ ನಿಕೊಲಾ ಜೆಸ್ತಾಂ 91.36ಕ್ಕೆ ಮುಗಿಸಿದ್ದಾನೆ, ಎರಡನೇ ಸ್ಥಾನದ ಬ್ರಿಟನ್ನಿನ ಆಡಂ ಬರ್ಜೆಸ್ 96.84! ಐದು ಸೆಕೆಂಡಿಗಿಂತ ಜಾಸ್ತಿ ಅಂತರ, ಈ ಆಟದಲ್ಲಿ ಅದು ದರೋಡೆ. ಮಜಾ ಇರೋದು ಎರಡು-ಮೂರಕ್ಕೆ, ಸ್ಲೊವಾಕಿಯಾದ ಮಾತೇ ಬೆನ್ಯುಷ್ 97.03, ಬರ್ಜೆಸ್‌ಗಿಂತ ಬರೀ 0.19 ಹಿಂದೆ. ಹೈಲೈಟ್ಸ್‌ನಲ್ಲಿ ಇದು ಗೊತ್ತೇ ಆಗಲ್ಲ.

ಹೆಂಗಸರ ಕಡೆ ಆಸ್ಟ್ರೇಲಿಯಾದ ಜೆಸಿಕಾ ಫಾಕ್ಸ್‌ದೇ ರಾಜ್ಯ. ಕಯಾಕ್‌ನಲ್ಲಿ 96.08, ಪೋಲೆಂಡಿನ ಕ್ಲೌಡಿಯಾ ಜ್ವೊಲಿನ್‌ಸ್ಕಾ 97.53, ಬ್ರಿಟನ್ನಿನ ಕಿಂಬರ್ಲಿ ವುಡ್ಸ್ 98.94. ಕನೂನಲ್ಲೂ ಅವಳೇ 101.06, ಜರ್ಮನಿಯ ಎಲೆನಾ ಲಿಲಿಕ್ 103.54, ಅಮೆರಿಕದ ಈವಿ ಲೀಬ್‌ಫಾರ್ತ್ 109.95. ಜೆಸಿಕಾಗೆ ಕಯಾಕ್‌ನಲ್ಲಿ 2012ರಲ್ಲಿ ಸಿಲ್ವರ್, 2016ರಲ್ಲೂ ಟೋಕಿಯೋದಲ್ಲೂ ಬ್ರಾಂಜ್, ಅಷ್ಟು ವರ್ಷ ಕೈತಪ್ಪಿದ ಗೋಲ್ಡ್ ಇದು, ಅಮ್ಮ ಮಿರಿಯಂ ಕೂಡ 1996ರಲ್ಲಿ ಇದೇ ಇವೆಂಟಲ್ಲಿ ಬ್ರಾಂಜ್ ಗೆದ್ದವರು. ಇದನ್ನೆಲ್ಲಾ ಕಾಮೆಂಟರಿ ಚೆನ್ನಾಗಿ ಹೇಳ್ತಾರೆ, ಅದು ಪ್ಲಸ್ ಪಾಯಿಂಟ್. ಆದ್ರೆ ದೋಣಿ ಕೆಂಪು ಗೇಟಲ್ಲಿ ತಿರುಗ್ತಿರೋ ಹೊತ್ತಿಗೇ ಮನೆತನದ ಕಥೆ ಶುರು ಮಾಡ್ಬೇಕಾ?

ಕಯಾಕ್ ಕ್ರಾಸ್ ಬಗ್ಗೆ ನಂಗೆ ಮನಸ್ಸು ಅರ್ಧ. ಒಲಿಂಪಿಕ್ಸ್‌ಗೆ ಅದು ಮೊದಲು ಬಂದಿದ್ದೇ ಪ್ಯಾರಿಸ್‌ನಲ್ಲಿ. ನಾಲ್ಕು ದೋಣಿ ಒಟ್ಟಿಗೆ ಎತ್ತರದ ರ‍್ಯಾಂಪಿಂದ ನೀರಿಗೆ ಧುಮುಕಿ ಗುದ್ದಾಡ್ಕೊಂಡು ಹೋಗತ್ವೆ, ಮಧ್ಯೆ ಒಂದು ಕಡೆ ಪೂರ್ತಿ ಮಗುಚಿ ತಿರುಗಾ ಏಳ್ಬೇಕು, ಯಾರು ಮೊದಲು ಮುಟ್ತಾರೋ ಅವರೇ. ಮಕ್ಕಳ ಜೊತೆ ಕೂತು ನೋಡೋಕೆ ಸೂಪರ್. ಹೆಂಗಸರಲ್ಲಿ ಜೆಸಿಕಾ ತಂಗಿ ನೊಯೆಮಿ ಫಾಕ್ಸ್ ಗೋಲ್ಡ್, ಫ್ರಾನ್ಸಿನ ಆಂಜೆಲ್ ಊಗ್ ಸಿಲ್ವರ್, ವುಡ್ಸ್‌ಗೆ ಇನ್ನೊಂದು ಬ್ರಾಂಜ್. ಗಂಡಸರಲ್ಲಿ ನ್ಯೂಜಿಲೆಂಡಿನ ಫಿನ್ ಬುಚರ್, ಬ್ರಿಟನ್ನಿನ ಜೋ ಕ್ಲಾರ್ಕ್, ಜರ್ಮನಿಯ ನೋವಾ ಹೆಗ್ಗೆ. ಆದ್ರೆ ಸೆಕೆಂಡಿನ ನೂರನೇ ಭಾಗದ ಲೆಕ್ಕ ಇಲ್ಲಿಲ್ಲ, ಪೆನಾಲ್ಟಿ ಯಾರಿಗೆ ಯಾಕೆ ಬಿತ್ತು ಅನ್ನೋದು ಎರಡು ಸಲ ನೋಡಿದ್ರೂ ತಲೆಗೆ ಹೋಗಲ್ಲ, ಗ್ರಾಫಿಕ್ಸ್ ಕೂಡ ಬಾಯ್ಬಿಡಲ್ಲ.

ಇನ್ನು ಆ್ಯಪ್‌ನ ರಿಸಲ್ಟ್ ಪುಟ. ಒಟ್ಟು ಟೈಮ್ ಮಾತ್ರ ಹಾಕಿದ್ದಾರೆ, ಎಷ್ಟು ಸೆಕೆಂಡ್ ಹುಟ್ಟು ಹಾಕಿದ್ದು, ಎಷ್ಟು ಪೆನಾಲ್ಟಿ ಅಂತ ಬೇರೆ ಕಾಲಂ ಇಲ್ಲ, ಯಾವ ಗೇಟ್ ತಾಗ್ತು ಅನ್ನೋದಂತೂ ಕೇಳ್ಲೇಬೇಡಿ. ಸ್ಲಾಲಂ ರಿಸಲ್ಟ್‌ನಲ್ಲಿ ಅದಿಲ್ಲದಿದ್ರೆ ಉಪ್ಪಿಲ್ಲದ ಸಾರು. ಒಲಿಂಪಿಕ್ಸ್‌ನ ಅಧಿಕೃತ ರಿಸಲ್ಟ್ ಶೀಟ್‌ನಲ್ಲಿ ಗೇಟ್ ಗೇಟಿಗೂ 0, 2, 50 ಅಂತ ಬರೆದಿರತ್ತೆ, ಫೈನಲ್ ಮುಗಿದ ಮೇಲೆ ಅದನ್ನ ಪಕ್ಕಕ್ಕಿಟ್ಕೊಂಡು ರೀಪ್ಲೇ ಇನ್ನೊಂದ್ಸಲ ಓಡಿಸಿ. ಮೊದಲೇ ತೆಗೀಬೇಡಿ, ಮೇಲೇನೇ ಹೆಸರು ಕಾಣ್ಸತ್ತೆ.