ಕೋಲಾರದ ವಿದ್ಯಾರ್ಥಿ ಹಕ್ಕುಗಳ ಶಿಬಿರ: ಮಕ್ಕಳನ್ನು ಖಂಡಿತ ಕಳುಹಿಸಿ

ಕೋಲಾರದಲ್ಲಿ ಕಳೆದ ತಿಂಗಳು ನಡೆದ ಎರಡು ದಿನಗಳ ಈ ಶಿಬಿರಕ್ಕೆ ಮಗಳನ್ನು ಸೇರಿಸಿದ್ದೆ. ಊಟ, ಕೈಪಿಡಿ ಸೇರಿ 300 ರೂಪಾಯಿ; ದುಬಾರಿಯೇನಲ್ಲ. ಎರಡನೆಯ ದಿನ ಪೋಷಕರಿಗೂ ಅವಕಾಶವಿದ್ದುದರಿಂದ ನಾನೂ ಕುಳಿತು ಕೇಳಿದೆ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಕಪ್ಪು ಸಮುದಾಯದ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟ ಎಂಟೇ ದಿನಗಳಲ್ಲಿ ಅಲ್ಲಿನ ಶಾಲಾ ಮಂಡಳಿ ಶಾಲೆಗಳಿಗೆ ಪೊಲೀಸರನ್ನು ನಿಯೋಜಿಸಲು ನಗರ ಪೊಲೀಸರೊಂದಿಗೆ ಮಾಡಿಕೊಂಡಿದ್ದ ಒಪ್ಪಂದವನ್ನು ರದ್ದುಪಡಿಸಿದ್ದನ್ನೂ, ಅದೇ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಶಾಲಾ ಮಂಡಳಿ ತನ್ನದೇ ಪೊಲೀಸ್ ವಿಭಾಗವನ್ನು ಮುಚ್ಚಲು ನಿರ್ಣಯಿಸಿದ್ದನ್ನೂ, ಆ ನಿರ್ಣಯದ ಹಿಂದೆ ಕಪ್ಪು ಸಮುದಾಯದ ವಿದ್ಯಾರ್ಥಿಗಳು ಮತ್ತು ಪೋಷಕರು ವರ್ಷಗಟ್ಟಲೆ ನಡೆಸಿದ ಹೋರಾಟವನ್ನೂ ತರಬೇತುದಾರರು ಮಕ್ಕಳಿಗೆ ಅರ್ಥವಾಗುವಂತೆ ವಿವರಿಸಿದರು. ಬಳಿಕ ಮಾತನ್ನು ನಮ್ಮ ಶಾಲೆಗಳ ಜಾತಿ ತಾರತಮ್ಯಕ್ಕೆ ತಿರುಗಿಸಿ, ‘ನಿಮ್ಮ ಶಾಲೆಯಲ್ಲಿ ಕಸ ಗುಡಿಸುವವರು ಯಾರು?’ ಎಂದು ಕೇಳಿದರು. ಮೂಲೆಯ ಬೆಂಚಿನ ಹುಡುಗನೊಬ್ಬ ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತಲೇ, ‘ಯಾವಾಗಲೂ ನಮ್ಮ ಕೇರಿಯವರನ್ನೇ ಕರೀತಾರೆ ಸಾರ್’ ಎಂದ. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಸೀಮೆಯವರಾದ ನಮಗೆ ಆ ಮಾತು ಹೊಸದಲ್ಲ. ಆದರೂ ಗಂಟಲು ಕಟ್ಟಿತು.

ಕೊರತೆಯೊಂದಿದೆ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಮತ್ತು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ ಅರ್ಧ ಗಂಟೆಯಷ್ಟೇ ಸಿಕ್ಕಿತು. ದೂರು ಬರೆಯುವ ಕ್ರಮವನ್ನು ಹೇಳಿಕೊಡಲಿಲ್ಲ. ಮುಂದಿನ ಶಿಬಿರದಲ್ಲಿ ಅದಕ್ಕೆ ಒಂದು ಇಡೀ ಬೆಳಿಗ್ಗೆಯನ್ನು ಮೀಸಲಿಡಬೇಕೆಂದು ಆಯೋಜಕರಿಗೆ ಬರೆದು ಕೊಟ್ಟು ಬಂದಿದ್ದೇನೆ.