ಮೀನು ಗಾಡಿಯ ಚಾಸಿಗೆ ಯಾವುದು: ರಬ್ಬರ್ ಕೋಟಿಂಗೋ, ವೇಸ್ಟ್ ಆಯಿಲೋ, ವ್ಯಾಕ್ಸೋ?

ಮಲ್ಪೆಯಲ್ಲಿ ಮೀನು ತುಂಬುವ ಪಿಕಪ್‌ಗಳ ಚಾಸಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಮೇಲಿನಿಂದ. ಐಸ್ ಕರಗಿದ ಉಪ್ಪುನೀರು ಬಾಡಿಯ ಸಂದಿಯಿಂದ ಇಳಿದು ಚಾಸಿ ರೈಲಿನ (ಗಾಡಿಯುದ್ದಕ್ಕೂ ಇರುವ ಕಬ್ಬಿಣದ ತೊಲೆ) ಮೇಲೆ ಹರಿಯುತ್ತದೆ, ಹಿಂದಿನ ಲೀಫ್ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಕೆಸರಿನ ಜೊತೆ ಕೂತುಬಿಡುತ್ತದೆ. ಇಂಥ ಗಾಡಿಗಳಿಗೇ ಮೂರನ್ನೂ ಹಾಕಿ, ಎರಡು ಮಳೆಗಾಲದ ನಂತರ ಕೆರೆದು ನೋಡಿದಾಗ ಕಂಡದ್ದು ಇಷ್ಟು.

ಹೊಸ ಗಾಡಿ ಬಿಡಿಸುವಾಗಲೇ ಮಾರುವ ದಪ್ಪ ರಬ್ಬರ್ ಕೋಟಿಂಗ್ ನೋಡಲು ಚೆಂದ, ಕೆಲಸಕ್ಕೆ ಮೂರರಲ್ಲೂ ಕಡೆ. ಕಲ್ಲು ಬಡಿದಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಸಾಕು, ಒಳಹೋದ ಉಪ್ಪುನೀರಿಗೆ ಹೊರದಾರಿ ಇಲ್ಲ. ಹೊರಗೆ ಕಪ್ಪು ಹಾಗೇ ಇತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಹಪ್ಪಳದ ಸದ್ದು, ಅಂಗೈಯಗಲದ ಚಕ್ಕೆ ಎದ್ದು ಅಡಿಯಲ್ಲಿ ಕಂದು ಪುಡಿ. ಹೊಡೆಯುವವರು ನೀರು ಇಳಿಯುವ ತೂತುಗಳನ್ನೂ ಮುಚ್ಚಿಬಿಡುತ್ತಾರೆ, ಅದು ಬೇರೆ.

ವೇಸ್ಟ್ ಆಯಿಲ್, ಅಂದರೆ ಎಂಜಿನ್‌ನಿಂದ ಇಳಿಸಿದ ಹಳೇ ಆಯಿಲ್, ಅಗ್ಗ, ಸಂದಿಗೂ ನುಗ್ಗುತ್ತದೆ. ಆದರೆ ಜೋರು ಮಳೆಗೆ ತೊಳೆದುಹೋಗುತ್ತದೆ, ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಬ್ರೇಕ್ ಲೈನರ್‌ಗೆ ತಗುಲಿದರೆ ಮುಗಿಯಿತು.

ಉಳಿದದ್ದು ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಭಾಗಗಳ ಒಳಗೆ ಹೊಡೆಯುವ ಮೇಣ. ಗಟ್ಟಿಯಾಗದೆ ಮೆತ್ತಗೇ ಇರುವುದರಿಂದ ಸಣ್ಣ ಗೀರನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಪಿಕಪ್‌ಗೆ ಸುಮಾರು ಮೂರು ಲೀಟರ್ ಬೇಕು. ಸುತ್ತಲೂ ಚಿಮ್ಮುವ ನಾಜಲ್ ಇರುವ ಉದ್ದ ಟ್ಯೂಬನ್ನು ರೈಲಿನಲ್ಲಿ ಇರುವ ತೂತಿನಿಂದಲೇ ತೂರಿಸಿ, ಎಳೆಯುತ್ತಾ ಹೊಡೆಯಬೇಕು. ಹೊಸ ತೂತು ಕೊರೆಸಬೇಡಿ, ವಾರಂಟಿ ತಳ್ಳಿಹಾಕಲು ನೆಪವಾಗುತ್ತದೆ. ಅದಕ್ಕೂ ಮೊದಲು ಸಿಹಿನೀರಿನಲ್ಲಿ ಉಪ್ಪು ಹೋಗುವಷ್ಟು ತೊಳೆದು, ಏರ್ ಹೊಡೆದು, ಎರಡು ದಿನ ಬಿಸಿಲಿಗೆ ನಿಲ್ಲಿಸಿ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದ ಮೇಲೆ ಬರಿ ಕಬ್ಬಿಣ ಕಂಡಲ್ಲಿ ಜಿಂಕ್ ಪ್ರೈಮರ್, ಕಚ್ಚಿಕೊಂಡ ತುಕ್ಕು ಉಳಿದಲ್ಲಿ ಫಾಸ್ಫಾರಿಕ್ ಆಸಿಡ್ ಇರುವ ಕನ್ವರ್ಟರ್ (ತುಕ್ಕನ್ನೇ ಗಟ್ಟಿ ಪದರವಾಗಿ ಬದಲಿಸುವ ದ್ರಾವಣ). ಕನ್ವರ್ಟರ್ ಮೇಲೆ ಜಿಂಕ್ ಬಳಿದರೆ ಪ್ರಯೋಜನವಿಲ್ಲ, ಜಿಂಕ್‌ಗೆ ಕಬ್ಬಿಣದ ನೇರ ಸ್ಪರ್ಶ ಬೇಕು. ಸೈಲೆನ್ಸರ್ ಪಕ್ಕ ವ್ಯಾಕ್ಸ್ ಕರಗುತ್ತದೆ, ಅಲ್ಲಿ ಹೊಡೆಯಬೇಡಿ.

ವ್ಯಾಕ್ಸಿನ ಕುಂದೆಂದರೆ ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಗಾಡಿ ಖಾಲಿ ಇರುತ್ತದೆ, ಆಗ ಮಾಡಿಸೋಣ ಅನ್ನಿಸುವುದು ಸಹಜ. ಆ ಮಳೆಯಲ್ಲಿ ಚಾಸಿ ಒಣಗುವುದೇ ಇಲ್ಲ. ಹಸಿಯ ಮೇಲೆ ವ್ಯಾಕ್ಸ್ ಹೊಡೆದರೆ ರಬ್ಬರಿನ ಕತೆಯೇ. ಮೇ ತಿಂಗಳಲ್ಲೇ ಮುಗಿಸಿ. ಬಾಡಿಯ ನೀರಿನ ಕಿಂಡಿಗೆ ಪೈಪ್ ಜೋಡಿಸಿ, ಮುಚ್ಚಳವಿರುವ ಡಬ್ಬಕ್ಕೆ ಇಳಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ.

ವಾರಂಟಿಯವರು ಲೆಕ್ಕಕ್ಕೆ ಹಿಡಿಯುವುದು ತುಕ್ಕು ತಿಂದು ಬಿದ್ದ ತೂತನ್ನು, ಚಕ್ಕೆಯನ್ನಲ್ಲ. ಅಮೆರಿಕದಲ್ಲಿ ಟೊಯೋಟಾ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ ಆದ 2016ರ ರಾಜಿ ಒಪ್ಪಂದದಲ್ಲೂ ಹೊಸ ಚಾಸಿ ಸಿಗಲು 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ತೂತು ಇರಬೇಕಿತ್ತು. ಆದ್ದರಿಂದ ಪ್ರತಿ ಸರ್ವಿಸ್‌ನಲ್ಲಿ ಜಾಬ್ ಕಾರ್ಡ್ ಮೇಲೆ ‘ಚಾಸಿಯಲ್ಲಿ ತುಕ್ಕು’ ಎಂದು ಬರೆಸಿ, ಪಕ್ಕದಲ್ಲಿ ನಾಣ್ಯವಿಟ್ಟು ಫೋಟೋ ತೆಗೆಯಿರಿ. ‘ಕಮರ್ಷಿಯಲ್ ಗಾಡಿ, ನೀವು ಗ್ರಾಹಕರಲ್ಲ’ ಎಂದರೆ ಬಗ್ಗಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೇ. ದೂರಿಗೆ ಇರುವ ಗಡುವು ಎರಡು ವರ್ಷ, ಸಹಾಯವಾಣಿ 1915.