ಸಾಲಿನ ಹಿಂದಿನಿಂದ ಕಂಡ ಟೀ ರೈಡ್

ಒಂದು ಬೈಕ್ ಕ್ಲಬ್ಬಿನ ಬೇಸಿಗೆ ಟೀ ರೈಡಿಗೆ ಹೋಗಿದ್ದೆ. ಹೇಗಿತ್ತು ಅಂತ ಮುಂದೆ ಓಡಿಸಿದವರನ್ನು ಕೇಳಿದರೆ "ಸಖತ್" ಅಂತಾರೆ. ನಾನಿದ್ದದ್ದು ಕೊನೆಯಿಂದ ಎರಡನೆಯ ಬೈಕಿನಲ್ಲಿ. ಅಲ್ಲಿಂದ ಕಂಡದ್ದು ಸ್ವಲ್ಪ ಬೇರೆ.

ಒಟ್ಟು 18 ಬೈಕು. ಬೆಳಿಗ್ಗೆ ಆರಕ್ಕೆ ಸೇರುವುದು, ಹಳ್ಳಿ ದಾರಿಯಲ್ಲಿ ಸುಮಾರು 90 ಕಿಲೋಮೀಟರ್ ಹೋಗಿ ಟೀ ಕುಡಿಯುವುದು, ಬಿಸಿಲು ಏರುವ ಮೊದಲೇ ಮನೆ ಸೇರುವುದು. ಪ್ಲಾನ್ ಇಷ್ಟೇ. ಹೊರಟದ್ದು ಮಾತ್ರ ಆರೂ ಮುಕ್ಕಾಲಿಗೆ, ಯಾಕೆಂದರೆ ಪೆಟ್ರೋಲ್ ಹಾಕಿಸದೆ ಬರುವವನು ಒಬ್ಬ ಎಲ್ಲಾ ಗುಂಪಿನಲ್ಲೂ ಇರುತ್ತಾನೆ. ಬೇಸಿಗೆಯಲ್ಲಿ ಬೆಳಿಗ್ಗೆ ಕಳೆದ ಮುಕ್ಕಾಲು ಗಂಟೆ ವಾಪಸ್ ಬರುವಾಗ ನೆತ್ತಿ ಮೇಲೆ ಕೂರುತ್ತೆ.

ಹೊರಡುವ ಮುಂಚೆ ಹತ್ತು ನಿಮಿಷ ನಿಲ್ಲಿಸಿಕೊಂಡು ಹೇಳಿಕೊಟ್ಟರು, ಅದು ಚೆನ್ನಾಗಿತ್ತು. ಒಬ್ಬರು ಲೇನಿನ ಎಡಕ್ಕೆ, ಮುಂದಿನವರು ಬಲಕ್ಕೆ, ಹೀಗೆ ಓರೆಯಾಗಿ ಸಾಲು. ನಿಮ್ಮ ನೇರಕ್ಕೆ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡ್ ಅಂತರ, ಓರೆಗಿರುವವನಿಗೆ ಒಂದು. ತಿರುವು ಬಂದರೆ ಸಾಲು ಬಿಟ್ಟು ಒಬ್ಬರ ಹಿಂದೆ ಒಬ್ಬರು. ಓವರ್‌ಟೇಕ್ ಮಾಡುವಾಗ ನಿಮ್ಮ ಕಣ್ಣಿನಿಂದ ನೋಡಿ ಮಾಡಿ, ಮುಂದಿನವನು ಹೋದ ಅಂತ ಹೋಗಬೇಡಿ. ಎಲ್ಲಾ ಸರಿಯಾದ ಮಾತು.

ಒಂದು ಮಾತು ಬಿಟ್ಟು. "ಬಿಸಿಲು ಜಾಸ್ತಿ, ಟೈರಿಂದ ಸ್ವಲ್ಪ ಗಾಳಿ ಬಿಡಿ" ಅಂದರು. ಬಿಡಬೇಡಿ. ಬೈಕ್ ಕಂಪನಿ ಹೇಳುವ ಅಳತೆ ತಣ್ಣಗಿರುವ ಟೈರಿನದ್ದು, ಓಡಿದ ಮೇಲೆ ಒತ್ತಡ ಏರುತ್ತೆ ಅನ್ನೋದನ್ನು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಗಾಳಿ ಕಮ್ಮಿ ಆದರೆ ಟೈರ್ ಹೆಚ್ಚು ಬಾಗುತ್ತೆ, ಇನ್ನೂ ಬಿಸಿಯಾಗುತ್ತೆ. ನಾನು ಸುಮ್ನೆ ತಲೆಯಾಡಿಸಿ ಹಾಗೇ ಇಟ್ಟುಕೊಂಡೆ.

ದಾರಿ ಆರಿಸಿದವರಿಗೆ ಪೂರ್ತಿ ಅಂಕ. ಹೆದ್ದಾರಿ ಸಿಕ್ಕಿದ್ದೇ ಕಮ್ಮಿ. ಎರಡೂ ಕಡೆ ಮರ, ಒಣಹುಲ್ಲಿನ ವಾಸನೆ, ಅಡ್ಡ ಬಂದು ನಮ್ಮನ್ನೇ ದಿಟ್ಟಿಸುವ ದನ. ಇಂಥ ದಾರಿಯಲ್ಲಿ ನೆರಳೇ ಮೋಸ ಮಾಡೋದು. ಬಿಸಿಲು ನೆರಳು ಚುಕ್ಕೆ ಚುಕ್ಕೆಯಾಗಿ ಬಿದ್ದಿರುವಲ್ಲಿ ಗುಂಡಿ ಕಾಣುವುದೇ ಇಲ್ಲ, ಅದರಲ್ಲೂ ಹೆಲ್ಮೆಟ್ಟಿಗೆ ಕಪ್ಪು ಗ್ಲಾಸ್ ಹಾಕಿದ್ದರೆ. ಟ್ರಾಕ್ಟರ್ ಚೆಲ್ಲಿದ ಮಣ್ಣು, ಜಲ್ಲಿ ತಿರುವಿನಲ್ಲೇ ಕಾಯುತ್ತಿರುತ್ತೆ.

ಈಗ ಹಿಂದಿನವರ ಪಾಡು. 18 ಬೈಕು ಒಂದೊಂದು ಸೆಕೆಂಡ್ ಅಂತರದಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಸಾಲು ಸುಮಾರು 280 ಮೀಟರ್ ಉದ್ದ. ಊರಿನ ಹಂಪ್ ದಾಟಿದ ಕೂಡಲೇ ಲೀಡ್ ಮಾಡುವವರು ಥ್ರಾಟಲ್ ತಿರುಗಿಸಿದರೆ, ಕೊನೆಯವನು ಅದೇ ಹಂಪ್ ದಾಟೋ ಹೊತ್ತಿಗೆ 40 ಸೆಕೆಂಡ್ ಆದರೂ ಆಗಿರುತ್ತೆ, ಅಷ್ಟರಲ್ಲಿ ಮುಂದಿನವರು ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಅವರು ಆರಾಮಾಗಿ 60ರಲ್ಲಿ ಇರುತ್ತಾರೆ, ನಾವು ಅವರನ್ನು ಹಿಡಿಯೋಕೆ 80, 85. ಹೊಸಬರನ್ನು ಹಿಂದೆ ಹಾಕಿದ್ದರು, ಅಂದರೆ ಅನುಭವ ಇಲ್ಲದವರೇ ಎಲ್ಲರಿಗಿಂತ ಜೋರಾಗಿ ಓಡಿಸಬೇಕಾಯಿತು. ಹೊಸಬರು ಲೀಡ್ ಹಿಂದೆಯೇ ಇರಬೇಕು, ಲೀಡ್ ಹಂಪ್ ಆದ ಮೇಲೆ ಒಂದು ನಿಮಿಷ ನಿಧಾನಕ್ಕೆ ಹೋಗಬೇಕು. ಇದಕ್ಕೆ ಖರ್ಚೇನೂ ಇಲ್ಲ, ಅಲ್ವಾ?

ದಾರಿ ಕವಲಾಗುವ ಕಡೆ ಇವರದ್ದು ಒಳ್ಳೆ ಪದ್ಧತಿ. ಲೀಡ್ ಹಿಂದೆ ಇರುವವರು ಅಲ್ಲೇ ನಿಂತು ದಾರಿ ತೋರಿಸುತ್ತಾರೆ, ಸ್ವೀಪ್ ಅಂದರೆ ಎಲ್ಲರಿಗಿಂತ ಕೊನೆಗೆ ಬರುವವರು ಕಂಡ ಮೇಲೆ ಹೊರಡುತ್ತಾರೆ. ಆದರೆ ನಮ್ಮ ಸ್ವೀಪ್ ಹಾಕಿದ್ದೂ ಎಲ್ಲರ ಹಾಗೇ ಕಪ್ಪು ಜಾಕೆಟ್. ನನ್ನ ಬ್ಯಾಗಿನ ಪಟ್ಟಿ ಸಡಿಲವಾಗಿ ಚಕ್ರದ ಕಡೆ ಜಾರುತ್ತಿತ್ತು, ನಿಲ್ಲಿಸಿದೆ. ಪಾಪ, ಸ್ವೀಪ್ ಕೂಡ ನನ್ನ ಜೊತೆ ನಿಂತರು. ಕವಲಿನಲ್ಲಿ ನಿಂತಿದ್ದ ಹುಡುಗ ನಮ್ಮ ಮುಂದೆ ಹೋದವರನ್ನೇ ಕೊನೆ ಅಂದುಕೊಂಡು ಹೊರಟುಬಿಟ್ಟ. ನಾವು ಬಂದಾಗ ಅಲ್ಲಿ ಯಾರೂ ಇಲ್ಲ. "ಎಡಕ್ಕೋ ಬಲಕ್ಕೋ?" ಅಂತ ಕೇಳಿದೆ. "ನನಗೂ ಈ ದಾರಿ ಹೊಸದು" ಅಂದರು ಸ್ವೀಪ್! ಬಲಕ್ಕೆ ಹೋದೆವು. ಆರು ಕಿಲೋಮೀಟರ್ ಆದ ಮೇಲೆ ದಾರಿ ಒಂದು ಹೊಲದಲ್ಲಿ ಮುಗಿಯಿತು.

ಟೀ ಹತ್ತಿರ ಬಂದಾಗ ಉಳಿದವರು ಕುಡಿದು ಫೋಟೋನೂ ತೆಗೆಸಿಕೊಂಡಾಗಿತ್ತು. ನಮಗೆ ಸಿಕ್ಕಿದ್ದು ಮತ್ತೆ ಕುದಿಸಿದ ಟೀ. ಸೊಪ್ಪು ಹಾಗೇ ಪಾತ್ರೆಯಲ್ಲಿ ಉಳಿದರೆ ಒಗರು ಬಿಡುತ್ತಲೇ ಇರುತ್ತೆ, ಮತ್ತೆ ಕುದಿಸಿದರೆ ಕೇಳೋದೇ ಬೇಡ. ಮೊದಲ ಸುತ್ತಿನದ್ದು ಘಮ್ ಅಂತಿತ್ತಂತೆ. ಇರಬಹುದು.

ಕೂತಿದ್ದು ಮಾತ್ರ ಹಿತವಾಗಿತ್ತು. ಹ್ಯಾಂಡಲ್ ತಗ್ಗಿಸಿದ ಕೆಫೆ ರೇಸರ್ ತಂದಿದ್ದ ಒಬ್ಬರು ಮಣಿಕಟ್ಟು ಹಿಸುಕಿಕೊಳ್ಳುತ್ತಾ ಲಂಡನ್ನಿನ ಏಸ್ ಕೆಫೆ ಕಥೆ ಹೇಳಿದರು. 1938ರಲ್ಲಿ ಶುರುವಾದ ಜಾಗ, ಮುಂದೆ ಬೈಕಿನ ಹುಡುಗರ ಅಡ್ಡೆಯಾಯಿತು, ಈ ಥರದ ಬೈಕಿಗೆ ಹೆಸರು ಬಂದದ್ದೂ ಅಂಥ ಕೆಫೆಗಳಿಂದಲೇ. ಟೀಗೋಸ್ಕರ ಇಷ್ಟು ದೂರ ಬರುವ ಹುಚ್ಚರು ನಾವೇ ಮೊದಲಲ್ಲ ಅಂತ ಸಮಾಧಾನ ಆಯಿತು.

ವಾಪಸ್ ಬರುವಾಗ ಉರಿ. ಗಾಳಿ ಮೈಗಿಂತ ಬಿಸಿಯಾದ ಮೇಲೆ ಜಾಕೆಟ್ ಬಿಚ್ಚಿ ಓಡಿಸಿದರೆ ತಂಪಾಗಲ್ಲ, ಮೈ ಇನ್ನಷ್ಟು ಒಣಗುತ್ತೆ. ಒಳಗಿನ ಟಿ-ಶರ್ಟ್ ಒದ್ದೆ ಮಾಡಿ ಜಾಲರಿ ಜಾಕೆಟ್ ಹಾಕಿಕೊಳ್ಳಿ. ಇದನ್ನು ಕ್ಲಬ್ಬಿನವರೇ ಹೇಳಿಕೊಟ್ಟರು, ನೀರೂ ಅವರೇ ತಂದಿದ್ದರು, ಅದಕ್ಕೆ ಥ್ಯಾಂಕ್ಸ್.

ಐದಕ್ಕೆ ಮೂರು ಸ್ಟಾರ್. ಮುಂದಿನ ರೈಡಿಗೂ ಹೆಸರು ಕೊಟ್ಟಿದ್ದೇನೆ, ಸ್ವೀಪ್‌ಗೆ ಹಳದಿ ಜಾಕೆಟ್ ಕೊಡ್ತೀವಿ ಅಂತ ಅವರು ಒಪ್ಪಿದ ಮೇಲೆ. ದಾರಿ ಗೊತ್ತಿರುವವರನ್ನೇ ಸ್ವೀಪ್ ಮಾಡಿ ಅಂದಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.